ಬಾನೆಟ್ ಮೇಲಿನ ಗೇಜು

ಹೋದ ವಾರ ಮುದ್ದೇಬಿಹಾಳದ ಗುಜರಿ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಡೀಸೆಲ್ಲಿನ ಒತ್ತಡ ತೋರಿಸುವ, ಅಂಗೈಯಗಲದ ಒಂದು ಮುಳ್ಳಿನ ಗೇಜು. ಎಂಜಿನ್ ಮೂಗಿನಂತೆ ಮುಂದೆ ಚಾಚಿದ ಹಳೆಯ ಲಾರಿಯೊಂದರ ಬಾನೆಟ್ ತಗಡಿಗೆ, ಡ್ರೈವರನ ಗಾಜಿನ ಎದುರಿಗೆ, ಎರಡು ಬೋಲ್ಟಿನಲ್ಲಿ ಇನ್ನೂ ಕಚ್ಚಿಕೊಂಡು ಕೂತಿತ್ತು. ಅದರ ಹಿಂದೆ ಸುರುಳಿ ಸುತ್ತಿದ ತಾಮ್ರದ ನಳಿಕೆ. ಬಗ್ಗಿ ಮೂಸಿದೆ. ಡೀಸೆಲ್ ವಾಸನೆ ಬಂತೋ, ಬಂದಂತೆ ಅನಿಸಿತೋ...

ಅಂಗಡಿಯ ಹುಡುಗ ತನಗೆಲ್ಲ ಗೊತ್ತೆನ್ನುವಂತೆ, "ಹಿಂದಿನ ಮಂದಿ ಭಾಳ ಶಾಣ್ಯಾ ಇದ್ರು ನೋಡ್ರಿ ಅಜ್ಜಾರ. ನಳಿಗಿ ಒಡದ್ರ ಡ್ರೈವರನ ಮೈಮ್ಯಾಲೆ ಡೀಸೆಲ್ ಸಿಡೀಬಾರ್ದಂತ ಗೇಜು ಹೊರಗ ಕೂಡ್ರಿಸ್ಯಾರ" ಎಂದ. ನನಗೆ ಪಿತ್ತ ನೆತ್ತಿಗೇರಿತು. ಶಾಣ್ಯಾತನವಂತೆ, ಶಾಣ್ಯಾತನ! ಆ ಗೇಜು ಯಾಕೆ ಹೊರಗೆ ಕೂತಿತು ಎಂಬುದನ್ನು ಬಲ್ಲವರು ಮೂವರಿದ್ದೆವು. ಉಳಿದವನು ನಾನೊಬ್ಬ.

ಎಪ್ಪತ್ತರ ದಶಕದ ಮಾತು. ನಾನು ಅಗರಖೇಡದವನು, ಇಂಡಿ ಊರಿನ ಸಾವಕಾರನೊಬ್ಬನ ಲಾರಿ ಓಡಿಸುತ್ತಿದ್ದೆ. ಆಗ ಅವನಿಗೆ ಮಾತು ಮಾತಿಗೆ 'ರೀ' ಹಚ್ಚುತ್ತಿದ್ದೆ, ಈಗ ಹಚ್ಚುವುದಿಲ್ಲ. ಒಂದು ಬೇಸಿಗೆಯಲ್ಲಿ ಲಾರಿ ಏರಿನಲ್ಲಿ ಜಗ್ಗುವುದನ್ನು ಬಿಟ್ಟಿತು. ಖಾಲಿ ಇದ್ದಾಗ ಕುದುರೆಯಂತೆ ಓಡುವುದು, ಶೇಂಗಾ ಚೀಲ ಹೇರಿದರೆ ಅರ್ಧ ಏರಿನಲ್ಲಿ ಗೊರ್ ಗೊರ್ ಎಂದು ಸೋತು ನಿಲ್ಲುವುದು. ಸಾವಕಾರ ಲಾರಿ ಸ್ಟ್ಯಾಂಡಿನಲ್ಲಿ ಹತ್ತು ಮಂದಿಯ ಎದುರಿಗೆ, "ಡೀಸೆಲ್ ಮಾರಕೊಂಡು ಸೀಮಿ ಎಣ್ಣಿ ಹಾಕಾಕತ್ಯಾನ, ಕಳ್ಳ ಸೂಳೇಮಗ" ಎಂದುಬಿಟ್ಟ. ಜನ್ಮದಲ್ಲಿ ಒಂದು ಹನಿ ಡೀಸೆಲ್ ಮಾರಿದವನಲ್ಲ ನಾನು. ಆದರೆ ಕಳ್ಳ ಎನಿಸಿಕೊಂಡ ಡ್ರೈವರನ ಕೈಗೆ ಇನ್ನೊಬ್ಬ ಮಾಲೀಕ ಕೀಲಿ ಕೊಡುತ್ತಾನೆಯೇ?

ನನ್ನ ಮಾತು ನಂಬಿದವರು ಒಬ್ಬರೇ, ಸಿಂದಗಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ. ಚಡಚಣದ ಕಡೆಯವರು, ಸೊಲ್ಲಾಪುರದಲ್ಲಿ ಕೆಲಸ ಕಲಿತವರು. ಅವರ ತಂದೆಯ ಕಾಲಕ್ಕೇ ಮನೆತನ ಬೌದ್ಧ ಧರ್ಮಕ್ಕೆ ಸೇರಿತ್ತು. ಆದರೂ ಊರಿನ ಬಾಯಲ್ಲಿ ಅವರು ಇನ್ನೂ ಹಳೆಯ ಕೇರಿಯವರೇ. ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗಿಟ್ಟುಕೊಂಡು ಎಂಜಿನ್ನಿನ ಸದ್ದು ಕೇಳಿ, "ಡ್ರೈವರ್ರ, ಇದಕ್ಕ ಡೀಸೆಲ್ ಸಾಲವಲ್ದು. ಟ್ಯಾಂಕಿನಿಂದ ಪಂಪಿಗೆ ಬರೂ ಹಾದ್ಯಾಗ ಎಲ್ಲೋ ಕಟಗೊಂಡೈತಿ" ಎಂದರು. ಸಾವಕಾರ ಒಪ್ಪಲಿಲ್ಲ. ಕಣ್ಣಿಗೆ ತೋರಿಸು, ಇಲ್ಲದಿದ್ದರೆ ಇವನನ್ನು ಇಳಿಸುತ್ತೇನೆ ಎಂದ. ಹಾಗಾದರೆ ಡೀಸೆಲ್ಲಿನ ಒತ್ತಡ ತೋರಿಸುವ ಗೇಜನ್ನೇ ಕೂಡಿಸೋಣ ಎಂದರು ಮಿಸ್ತ್ರಿ.

ಸಾವಕಾರ ತನ್ನ ಹಳೆಯ ಸಾಮಾನಿನಿಂದ ಬ್ರೇಕಿನ ಗಾಳಿ ಅಳೆಯುವ ಗೇಜೊಂದನ್ನು ತಂದುಕೊಟ್ಟ. ಹತ್ತು ಕೇಜಿ ಒತ್ತಡದ್ದು. ಮಿಸ್ತ್ರಿ ಅದನ್ನು ತಿರುಗಿಸಿ ನೋಡಿ, "ತೊಲಿ ಬಂಗಾರ ತೂಗಾಕ ಜ್ವಾಳದ ತಕ್ಕಡಿ ತಂದಂಗಾತ್ರಿ. ಇಲ್ಲಿರೂದ ಒಂದು, ಒಂದೂವರಿ ಕೇಜಿ. ಇದರಾಗ ಮುಳ್ಳು ಮಲಗಿದಲ್ಲಿಂದ ಏಳೂದಿಲ್ಲ" ಎಂದರು. ತಾವೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಎರಡು ಕೇಜಿಯ ಸಣ್ಣ ಗೇಜು ಹುಡುಕಿ ತಂದರು. ಫಿಲ್ಟರು ದಾಟಿ ಪಂಪಿಗೆ ಹೋಗುವ ಜಾಗದಲ್ಲಿ ನಳಿಕೆ ಜೋಡಿಸಿದರು. ಲಾರಿಯ ನಡುಕಕ್ಕೆ ಅದು ಮುರಿಯದಿರಲಿ ಎಂದು ಸುರುಳಿ ಸುತ್ತಿದರು. ಪಂಪಿನ ಬಡಿತಕ್ಕೆ ಮುಳ್ಳು ನಡುಗದಿರಲಿ ಎಂದು ನಳಿಕೆಯ ತುದಿಯನ್ನು ಬೆಸುಗೆಯಿಂದ ಮುಚ್ಚಿ, ಹೊಲಿಗೆಯ ಸೂಜಿಯನ್ನು ಕಾಯಿಸಿ ಸಣ್ಣದೊಂದು ತೂತು ಬಿಟ್ಟರು. ಅಂಥ ಕೈ ಅದು!

ಇನ್ನು ಗೇಜನ್ನು ಕ್ಯಾಬಿನ್ನಿನ ಒಳಗೆ, ಸ್ಟೇರಿಂಗಿನ ಪಕ್ಕ ಕೂಡಿಸಬೇಕು. ಮಿಸ್ತ್ರಿ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕಾಲಿಟ್ಟರು.

"ಏ! ಒಳಗ ಹೋಗಬ್ಯಾಡ. ಅಲ್ಲಿ ದೇವರ ಪಟಾ ಐತಿ, ಮುಂಜಾನೆ ಪೂಜಿ ಆಗೈತಿ."

ಸಾವಕಾರ ಕೂಗಿದ್ದು ಇಷ್ಟೇ. ಮಿಸ್ತ್ರಿ ಕಾಲು ತೆಗೆದರು. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಒರೆಸಿದರು, ಮತ್ತೆ ಒರೆಸಿದರು... ಆಮೇಲೆ ಬಾನೆಟ್ಟಿಗೆ ತೂತು ಹಾಕಿ ಗೇಜನ್ನು ಗಾಜಿನ ಹೊರಗೆ ಕೂಡಿಸಿದರು. ನಾನು ತಲೆ ತಗ್ಗಿಸಿದ್ದನ್ನು ಕಂಡು, "ಇದೂ ಚಲೋನ ಆತ್ ಬಿಡ್ರಿ. ನಳಿಗಿ ಒಡದ್ರ ನಿಮ್ಮ ಮೈಮ್ಯಾಲೆ ಸಿಡಿಯೂದಿಲ್ಲ" ಎಂದರು. ಅವಮಾನ ಅವರಿಗೆ, ಸಮಾಧಾನ ನನಗೆ!

ಮರುದಿನ ಚೀಲ ಹೇರಿಕೊಂಡು ಬಾಗೇವಾಡಿಯ ಹಾದಿಯಲ್ಲಿ ಡೋಣಿ ಹೊಳೆ ದಾಟಿದ ಮೇಲಿನ ಏರಿಗೆ ಹೊರಟೆವು. ಒಳಗೆ ನಾನು ಮತ್ತು ಸಾವಕಾರ. ಸೀಟಿನಲ್ಲಿ ಇನ್ನೊಬ್ಬರು ಆರಾಮವಾಗಿ ಕೂಡುವಷ್ಟು ಜಾಗವಿತ್ತು. ಮುಳ್ಳು ಬೀಳುವುದನ್ನು ತಾವೇ ಕಾಣಬೇಕಾಗಿದ್ದ ಮಿಸ್ತ್ರಿ ಮುಂದಿನ ಮಡ್‌ಗಾರ್ಡಿನ ಮೇಲೆ ಕೂತು, ಒಂದು ಕೈಯಲ್ಲಿ ಬಾನೆಟ್ಟಿನ ಅಂಚು ಹಿಡಿದುಕೊಂಡಿದ್ದರು. ಹರದಾರಿಗಟ್ಟಲೆ ಹಾದಿ. ಎದುರಿನಿಂದ ಬಂದ ಪ್ರತಿಯೊಂದು ಗಾಡಿಯೂ ಅವರ ಮುಖಕ್ಕೆ ಧೂಳು ತೂರಿ ಹೋಯಿತು. 'ಬರ್ರಿ, ಒಳಗ ಜಾಗಾ ಐತಿ' ಎನ್ನಲು ನನ್ನ ಬಾಯಿಗೆ ಯಾವ ರೋಗ ಬಡಿದಿತ್ತು? ಹಾಗಂದರೆ ಕೈಯಲ್ಲಿನ ಕೀಲಿ ಹೋಗುತ್ತದೆ ಎಂಬ ಭಯ. ನನಗಾಗಿ ಹೊರಗೆ ಕೂತವರನ್ನು ಗಾಜಿನ ಒಳಗಿನಿಂದ ನೋಡುತ್ತ ಗೇರು ಬದಲಿಸಿದೆ.

ಅರ್ಧ ಏರಿಗೆ ಲಾರಿ ಗೊರ್ ಎಂದಿತು. "ಬಿತ್ತು! ಮುಳ್ಳು ಬಿತ್ತು ನೋಡ್ರಿ!" ಮಿಸ್ತ್ರಿ ಕೂಗಿದರು. ಮೂವರೂ ಕಂಡೆವು. ಅಲ್ಲೇ ಟ್ಯಾಂಕು ಇಳಿಸಿ ಒಳಗಿನ ಸೋಸುವ ಜಾಳಿಗೆ ತೆಗೆದರೆ ಗೋಣಿಯ ನಾರು ಮುದ್ದೆಯಾಗಿ ಕೂತಿತ್ತು. ಗೋಣಿ ಎಲ್ಲಿಂದ ಬಂತು? ಸಾವಕಾರ ತನ್ನ ಹಿತ್ತಲಲ್ಲಿ ಡೀಸೆಲ್ ಡ್ರಮ್ಮು ಇಟ್ಟುಕೊಂಡಿದ್ದ, ಲಾರಿಗೆ ಅದರಿಂದಲೇ ತುಂಬಿಸುತ್ತಿದ್ದ, ಅದರ ಬಾಯಿಗೆ ಗೋಣಿ ತುರುಕುವವನೂ ಅವನೇ. ಅಷ್ಟಾದರೂ 'ತಪ್ಪಾಯಿತು' ಎಂದನೇ? ನನಗೂ ಅನ್ನಲಿಲ್ಲ, ಅವರಿಗೂ ಅನ್ನಲಿಲ್ಲ. ಮೇಲಾಗಿ, ಗೇಜು ಹೊರಗೆ ಕೂಡಿಸುವ ಯುಕ್ತಿ ತನ್ನದೇ ಎಂದು ಸ್ಟ್ಯಾಂಡಿನ ತುಂಬ ಹೇಳಿಕೊಂಡು ತಿರುಗಿದ, ನಾಚಿಕೆಗೇಡಿ. ಅವನನ್ನು ನೋಡಿ ನಾಲ್ಕಾರು ಲಾರಿಯವರು ಹಾಗೇ ಮಾಡಿಸಿದರು.

ನನ್ನ ಹೆಸರು ಉಳಿಯಿತು. ಆ ಹೆಸರಿನ ಮೇಲೆ ಮೂವತ್ತು ವರ್ಷ ಲಾರಿ ಓಡಿಸಿ ಮಕ್ಕಳನ್ನು ಸಾಕಿದೆ. ಒಮ್ಮೆ ಸಿಂದಗಿಯಲ್ಲಿ ಮಿಸ್ತ್ರಿಯ ಎದುರು ಆ ದಿನದ ಮಾತು ತೆಗೆಯಲು ಹೋದೆ. "ಲಾರಿ ಜಗ್ಗತೈತಿಲ್ರಿ? ಸಾಕ್ ಬಿಡ್ರಿ" ಎಂದು ಕೆಲಸಕ್ಕೆ ಬಗ್ಗಿದರು. ಬಿಟ್ಟುಬಿಟ್ಟೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ತಿಂಗಳಾದ ಮೇಲೆ...

ಗುಜರಿಯಲ್ಲಿ ನಳಿಕೆ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿದೆ. ಬೆಸುಗೆಯ ನಡುವೆ ಸೂಜಿಯ ತೂತು. ಸಾವಕಾರನನ್ನು ನೋಡಿ ಮಾಡಿಸಿದ ಲಾರಿಯವರಿಗೆ ಈ ತೂತಿನ ಗುಟ್ಟು ಗೊತ್ತಿರಲಿಲ್ಲ, ಇದು ಮಿಸ್ತ್ರಿಯದೇ ಕೈ. ಹುಡುಗ ಗೇಜು ಬಿಚ್ಚಿಕೊಟ್ಟ. ಊರಿನ ಬಸ್ಸು ಹತ್ತಿ, ಅದನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಕೂತೆ.

"ಇಲ್ಲಿ ಯಾರರ ಅದಾರೇನ್ರಿ?" ಎಂದು ಒಬ್ಬರು ಕೇಳಿದರು.

"ಅದಾರ್ರಿ" ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು, ಈ ವಯಸ್ಸಿನಲ್ಲಿ.

ಬಸ್ಸು ತುಂಬಿತು. ಕಂಡಕ್ಟರು ಬಂದು, "ಈ ಸೀಟಿನವ್ರು ಎಲ್ಲ್ಯದಾರ್ರಿ ಅಜ್ಜಾರ? ಸಾಮಾನ ಎತ್ರಿ, ಮಂದಿ ನಿಂತಾರ" ಎಂದು ಗದರಿದ. ಗೇಜನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಈ ಸಲವೂ ಮಿಸ್ತ್ರಿಗೆ ಸೀಟು ಇಲ್ಲದಂತೆ ಮಾಡಿದವನು ನಾನೇ.