ಗಾಳಿ ಯಾವ ಕಡೆಯದ್ದು

ಕೊಪ್ಪದಲ್ಲಿ ನನ್ನ ಅಂಗಡಿಯ ಪಕ್ಕ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಕೆಲಸವಿಲ್ಲದಾಗ ಹೆಬ್ಬೆರಳುದ್ದದ ಮಣ್ಣಿನ ಸಿಪಾಯಿಗಳನ್ನು ಮಾಡಿ, ಅವರ ಕೈಗೆ ಬಾವುಟ ಕೊಡುತ್ತಿದ್ದರು. ಸಿಗರೇಟು ಪ್ಯಾಕಿನ ಬೇಗಡೆಯನ್ನು ಕತ್ತರಿಸಿ, ಚಿಮಟದಲ್ಲಿ ಹಿಡಿದು ಅಲೆಅಲೆಯಾಗಿ ಬಗ್ಗಿಸಿ, ಕೊನೆಗೆ ಬಣ್ಣ ಹಚ್ಚುವುದು. "ಗಾಳಿ ಯಾವ ಕಡೆಯದ್ದು ಅಂತ ಮೊದ್ಲು ನೋಡ್ಬೇಕು ಮಾರಾಯ" ಎನ್ನುತ್ತಿದ್ದರು. ಒಂದು ಸಾಲಿನ ಬಾವುಟಗಳೆಲ್ಲ ಒಂದೇ ಕಡೆ ಹಾರಬೇಕಿತ್ತು.

ಪೊಲೀಸರು ನಕ್ಸಲರನ್ನು ಹುಡುಕುತ್ತಿದ್ದ ಕಾಲ ಅದು. ಜೀಪಿನ ಸದ್ದು ಕೇಳಿದರೆ ಅಂಗಡಿಸಾಲಿನಲ್ಲಿ ಮಾತು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ವಾಚಿಗೆ ಸೆಲ್ ಹಾಕಿಸಲು ಬಂದ ಪೊಲೀಸಿನವನ ಕಣ್ಣು, ಮೇಜಿನ ಮೇಲೆ ಒಣಗುತ್ತಿದ್ದ ಕೆಂಪು ಬಾವುಟಗಳ ಮೇಲೆ ಬಿತ್ತು.

"ಯಾರದ್ದು ಇದು?"

"ನಮ್ ಸೈನ್ಯದ್ದು ಸಾರ್" ಎಂದುಬಿಟ್ಟರು ಇವರು, ತಮ್ಮ ಸಿಪಾಯಿಗಳನ್ನು ಹಾಗೆ ಕರೆಯುವ ಅಭ್ಯಾಸಬಲದಿಂದ.

"ಯಾವ ಸೈನ್ಯ?"

ಇವರು ಚಿಮಟ ಕೆಳಗಿಟ್ಟು ಎದ್ದು ನಿಂತರು. ನಾನು ನನ್ನ ಅಂಗಡಿಯಿಂದ ಹೋಗಿ ಮಣ್ಣಿನ ಸಿಪಾಯಿಗಳ ಡಬ್ಬಿ ತೆರೆದು ತೋರಿಸಿದೆ. ಆತ ಒಂದನ್ನು ಎತ್ತಿ ನೋಡಿ, ಮತ್ತೆ ಡಬ್ಬಿಗೆ ಹಾಕಿ ವಾಚು ಕಟ್ಟಿಕೊಂಡು ಹೋದ.

ಆಮೇಲೆ ಅವರು ಮಾಡಿದ ಬಾವುಟಗಳೆಲ್ಲ ಕೋಲಿಗೆ ಅಂಟಿಕೊಂಡು ಜೋತುಬಿದ್ದಿರುತ್ತಿದ್ದವು. ಯಾಕೆ ಹೀಗೆ ಎಂದು ಕೇಳಿದೆ. ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು: "ಗಾಳಿ ಇಲ್ದಿದ್ರೆ ಯಾರ ಬಾವುಟ ಅಂತ ಗೊತ್ತಾಗಲ್ಲ ಮಾರಾಯ."