ಅವರೆಕಾಯಿ ಕಾಲದ ನೀರ್ನಾಯಿ

ನಮ್ಮ ಸೋದರತ್ತೆಯ ಗಂಡ ಸತ್ತು ಎಷ್ಟೋ ವರ್ಷವಾಯಿತು. ಆದರೂ ಅವನ ಮುಖ ನೆನಪಾದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಯಾಕೆ ಆಡಬಾರದು? ಬದುಕಿದ್ದಾಗ ಅವನು ನಮಗೆ ಮಾಡಿದ್ದು ಒಳ್ಳೆಯದಾ?

ಮುತ್ತತ್ತಿಯ ಹತ್ತಿರ ಕಾವೇರಿ ದಡದಲ್ಲಿ ನಮ್ಮದು ಬೆಸ್ತರ ಕೇರಿ. ಬಂಡೆಗಳ ನಡುವೆ ನೀರು ಆಳವಾಗಿ ನಿಲ್ಲುವ ಜಾಗಕ್ಕೆ ಮಡು ಅನ್ನುತ್ತಿದ್ದೆವು. ಒಂದೊಂದು ಮನೆಗೆ ಒಂದೊಂದು ಮಡು. ಅದಕ್ಕೆ ಕಾಗದ ಪತ್ರ ಏನೂ ಇಲ್ಲ, ಬಲೆ ಇಳಿಸಿದವರದೇ ಮಡು. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ, ಯುಗಾದಿಯೊಳಗೆ ಬಲೆ ಬಿಟ್ಟು ಮೀನು ಹಿಡಿದು ತೋರಿಸದಿದ್ದರೆ ಆ ಮನೆಯ ಮಡು ಹತ್ತಿರದ ನೆಂಟರಿಗೆ ಹೋಗುತ್ತಿತ್ತು. ನಮಗೆ ಹೊಲವಿಲ್ಲ, ದನವಿಲ್ಲ. ಮಡು ಹೋದರೆ ಕೂಳು ಹೋಯಿತು.

ಜರ್ಮನಿ ಯುದ್ಧದ ಕಾಲದಲ್ಲಿ ಅಪ್ಪ ಜ್ವರ ಬಂದು ಸತ್ತ. ಉಳಿದವರು ಅವ್ವ ಮತ್ತು ನಾನು. ತಿಥಿಯ ಎಲೆ ಎತ್ತುವುದಕ್ಕೆ ಮುಂಚೆ ಅತ್ತೆಯೂ ಅವಳ ಗಂಡನೂ ಪೂರಿಗಾಲಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಪಕ್ಕದ ಗುಡಿಸಲು ಸೇರಿಕೊಂಡರು. "ಗಂಡು ದಿಕ್ಕಿಲ್ದ ಮನೆ, ನೋಡ್ಕಳಾಕೆ ಬಂದಿವ್ನಿ ಕಣವ್ವ," ಅಂದ ಮಾವ. ಅವನು ಪೂರಿಗಾಲಿಯಲ್ಲಿ ಕಂಡವರ ಗದ್ದೆ ಗೇಯ್ದುಕೊಂಡಿದ್ದವನು, ಹೊಳೆಯ ವಿಷಯ ಏನೇನೂ ಗೊತ್ತಿರಲಿಲ್ಲ. ನೋಡಿಕೊಳ್ಳಲು ಬಂದದ್ದು ನಮ್ಮನ್ನಲ್ಲ, ನಮ್ಮ ಮಡುವನ್ನ.

ಹೊಳೆ ಇಳಿದ ಮೇಲೆ ಅವ್ವ ಸಂಜೆ ಮೊದಲ ಬಲೆ ಬಿಟ್ಟಳು. ಬೆಳಿಗ್ಗೆ ಹೋಗಿ ನೋಡಿದರೆ ನಡುವೆ ಹರಿದು ಚಿಂದಿಯಾಗಿತ್ತು. ದೀಪಾವಳಿ ಹೊತ್ತಿಗೆ ಎರಡನೆಯದೂ ಹಾಗೇ ಹೋಯಿತು. "ನೀರ್ನಾಯಿ ಕಾಟ ಕಣವ್ವ," ಅಂದರು ಕೇರಿಯ ಯಜಮಾನರು. ನೀರ್ನಾಯಿಗಳು ಬಲೆಗೆ ಬಿದ್ದ ಮೀನಿಗಾಗಿ ಬಲೆ ಹರಿಯುವುದು ಹೊಸದೇನಲ್ಲ. ಆದರೆ ಅವು ಬಂಡೆಯ ಮೇಲೆ ಕೂತು ತಿಂದು ತಲೆ, ಪೊರೆ ಎಲ್ಲ ಅಲ್ಲೇ ಬಿಟ್ಟು ಹೋಗುತ್ತವೆ. "ತಲೆ ಎಲ್ಲಣ್ಣ? ಒಂದು ಪೊರೆನಾದ್ರೂ ಬ್ಯಾಡ್ವಾ?" ಅಂತ ಅವ್ವ ಕೇಳಿದಳು. ಗಂಡ ಸತ್ತ ಹೆಂಗಸು, ದುಃಖಕ್ಕೆ ಏನೋ ಮಾತಾಡುತ್ತಾಳೆ ಅಂತ ಎಲ್ಲರೂ ಎದ್ದು ಹೋದರು. ಮಾವ ಮಾತ್ರ ಲೊಚಗುಟ್ಟಿಕೊಂಡು ನಿಂತಿದ್ದ.

ಯುದ್ಧದಲ್ಲಿ ನೂಲು ಕಣ್ಣಿಗೂ ಬೀಳುತ್ತಿರಲಿಲ್ಲ. ಮಳವಳ್ಳಿಯ ನೂಲಂಗಡಿ ಸಾಬರು ಅಪ್ಪನ ಹಳೇ ಸ್ನೇಹಕ್ಕೆ ಒಂದು ಗಂಟು ಎತ್ತಿಟ್ಟಿದ್ದರು. "ಇದೇ ಕೊನೆ ತಾಯಿ, ಇನ್ನು ಕೇಳಬ್ಯಾಡಿ," ಅಂತ ಕೊಟ್ಟರು. ಅವ್ವ ಹಗಲೆಲ್ಲ ಕೂತು ಹೆಣೆದಳು. ನೂಲು ಕೊಳೆಯದಿರಲಿ ಅಂತ ತಂಗಡಿ ಗಿಡದ ಚಕ್ಕೆ ಕುದಿಸಿದ ಕೆಂಪು ನೀರಲ್ಲಿ ಅದ್ದಿ ಅಂಗಳದಲ್ಲಿ ಒಣಹಾಕಿದಳು.

ಬಲೆ ಒಣಗುತ್ತಿದ್ದಾಗ ಮಾವ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಾನು ಮಳವಳ್ಳಿಯಲ್ಲಿ ಅಜ್ಜಿ ಮನೆಯಲ್ಲಿದ್ದು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಆಗ ನನಗೆ ಹದಿನಾಲ್ಕೋ ಹದಿನೈದೋ.

"ಮಗ, ನೀನು ಓದ್ದೋಳು. ಈ ನೀರ್ನಾಯಿ ಯಾವ ಕಾಲದಲ್ಲಿ ಮರಿ ಆಕ್ತವೆ? ಮರಿ ಆಕ್ದಾಗ ಎಲ್ಲೂ ತಿರುಗಾಕಿಲ್ವಂತಲ್ಲ, ಯಾರೋ ದಡದಲ್ಲಿ ಅಂತಿದ್ರು."

ನೀರ್ನಾಯಿ ಬಾಣಂತನ ಕಟ್ಟಿಕೊಂಡು ಇವನಿಗೇನು? ಕೇರಿಯ ಗಂಡಸರು ಅಷ್ಟು ಜನ ಇರುವಾಗ ನನ್ನನ್ನ್ಯಾಕೆ ಕೇಳುತ್ತಾನೆ? ಅವು ತಿರುಗದ ಕಾಲದಲ್ಲಿ ಬಲೆ ಹರಿದರೆ ತಪ್ಪು ಅವುಗಳ ಮೇಲೆ ಹೊರಿಸಲಾಗದಲ್ಲ! ಅಯ್ಯೋ ಪಾಪಿ, ಬಲೆ ಕೊಯ್ದವನು ನೀನೇ ಅಂತ ಆಗಲೇ ಗೊತ್ತಾಯಿತು.

ನಮ್ಮ ಹೊಳೆಯ ನೀರ್ನಾಯಿ ಮರಿ ಹಾಕುವುದು ಅವರೆಕಾಯಿ ಕಾಲದಲ್ಲಿ. ಕೇರಿಯ ಕೂಸಿಗೂ ಇದು ಗೊತ್ತು. ಸೌದೆಗೆ ಹೋದಾಗ ಕೆಳಗಿನ ಬಂಡೆ ಸಂದಿಯಿಂದ ಮರಿಗಳು ಕುಯ್ಯೋ ಅನ್ನುವುದು ನಮಗೆಲ್ಲ ಕೇಳಿಸುತ್ತಿತ್ತು. ಮರಿ ಈಜು ಕಲಿಯುವವರೆಗೆ ಇಡೀ ಹಿಂಡು ಅಲ್ಲೇ ಇರುತ್ತಿತ್ತು. ಅಷ್ಟು ಮೇಲಿದ್ದ ನಮ್ಮ ಮಡುವಿನ ಕಡೆ ಒಂದೂ ತಲೆ ಹಾಕುತ್ತಿರಲಿಲ್ಲ. ಮಾವ ಕೇಳಿದಾಗ ಅದೇ ಕಾಲ, ಅವರೆ ಸೊಗಡು ಊರೆಲ್ಲ ಹಬ್ಬಿತ್ತು.

ನಾನು ಎದ್ದು ಹೋಗಿ ನನ್ನ ಹಳೇ ಪಾಠಪುಸ್ತಕ ತಂದೆ. ಅದರಲ್ಲಿ ಚಳಿದೇಶದ ಸಮುದ್ರದ ಒಂದು ಪ್ರಾಣಿಯ ಪಾಠ ಇತ್ತು. ಇಂಗ್ಲಿಷಿನಲ್ಲಿ ಸೀಲು ಅನ್ನುತ್ತಾರಂತೆ. ಬರೆದವರು ಬೇರೆ ಹೆಸರು ಸಿಗದೆ ಅದಕ್ಕೂ ನೀರುನಾಯಿ ಅಂತಲೇ ಅಚ್ಚು ಹಾಕಿಸಿದ್ದರು. ಚಳಿಗಾಲವೆಲ್ಲ ಅವು ನೀರಲ್ಲೇ ಅಲೆಯುತ್ತವೆ, ಚಳಿ ಮುರಿದ ಮೇಲೆ ಎಲ್ಲ ಒಟ್ಟಿಗೆ ದಡ ಹತ್ತಿ ಮಂಜುಗಡ್ಡೆಯ ಮೇಲೆ ಮರಿ ಹಾಕುತ್ತವೆ, ಗಂಡುಗಳು ಹೆಣ್ಣಿಗಾಗಿ ಕಚ್ಚಾಡುತ್ತವೆ, ಮತ್ತೆ ಮುಂದಿನ ವರ್ಷ ಅದೇ ಹೊತ್ತಿಗೆ ಅಲ್ಲಿಗೇ ಬರುತ್ತವೆ ಅಂತ ಇತ್ತು. ನಾನು ಗಟ್ಟಿಯಾಗಿ ಓದಿದೆ. ಸಮುದ್ರ ಅನ್ನುವ ಮಾತು ಬಂದಾಗ ಅದನ್ನು ನುಂಗಿಕೊಂಡೆ, ಮಂಜುಗಡ್ಡೆ ಬಂದಾಗ ಅದನ್ನೂ ನುಂಗಿಕೊಂಡೆ.

"ಅಂಗಾರೆ ಮರಿ ಆಕೋದು ಬ್ಯಾಸ್ಗೇಲಿ ಅನ್ನು. ಈಗ?"

"ಈಗೆಲ್ಲ ನೀರಲ್ಲೇ ತಿರುಗ್ತಾ ಇರ್ತವೆ ಮಾವ. ಪುಸ್ತಕದಲ್ಲೇ ಅಚ್ಚಾಗೈತಲ್ಲ."

ಅವನಿಗೆ ಓದು ಬಾರದು, ಪುಸ್ತಕ ಇಸಿದುಕೊಂಡು ಚಿತ್ರವನ್ನೇ ನೋಡಿದ. "ಇದ್ಕೆ ಕಾಲೇ ಇಲ್ವಲ್ಲಮ್ಮಿ?"

"ಈಜುವಾಗ ಮಡ್ಚ್ಕತವೆ."

ನಂಬಿದ! ಅಚ್ಚಿನ ಅಕ್ಷರಕ್ಕೆ ಕೈ ಮುಗಿಯುವ ಜಾತಿ ಅವನದು. ಅವನು ಮೀಸೆ ಸವರಿಕೊಂಡು ಹೋದ ಮೇಲೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಕಾದು ಕೂತು ಹಿಡಿಯಬಹುದಿತ್ತಲ್ಲ ಅನ್ನುತ್ತೀರಿ. ಹಿಡಿದಿದ್ದರೆ ನನ್ನಂಥ ಹುಡುಗಿಯ ಮಾತನ್ನು ಯಾರು ನಂಬುತ್ತಿದ್ದರು? ಅವನ ಬಾಯಿಂದಲೇ, ಹತ್ತು ಜನರ ಎದುರಿಗೆ ಬರಬೇಕಿತ್ತು. ಅವ್ವನಿಗೆ ಹೇಳಿದ್ದರೆ ಕೊನೇ ಬಲೆಯನ್ನು ನೀರಿಗೆ ಬಿಡುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಬಲೆ ಹೋಗಿ ಅವನೂ ತಪ್ಪಿಸಿಕೊಂಡರೆ ಮಡು ಅವನದೇ ಅಂತ ಗೊತ್ತಿದ್ದೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಅವ್ವ ಬಲೆ ಬಿಟ್ಟ ಮಾರನೇ ಬೆಳಿಗ್ಗೆ ದಡದಿಂದ ಕೂಗು ಕೇಳಿಸಿತು. ಕೂಗುತ್ತಿದ್ದವನು ಮಾವನೇ. "ಅಯ್ಯಯ್ಯೋ, ನೀರ್ನಾಯಿ ಮತ್ತೆ ಬಲೆ ಅರ್ದಾಕ್ಬುಡ್ತಲ್ಲಪ್ಪೋ!" ಕೇರಿಯೆಲ್ಲ ಓಡಿತು. ಅವ್ವ ಹರಿದ ಬಲೆ ಮಡಿಲಿಗೆ ಎಳೆದುಕೊಂಡು ಕೂತುಬಿಟ್ಟಳು, ಅಳಲೂ ಇಲ್ಲ.

ಯಜಮಾನರು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾವ ನೀರ್ನಾಯಿಯಯ್ಯ?"

"ಇಲ್ಲೇ ತಿರುಗ್ತಿದ್ವು ಯಜಮಾನ್ರೆ, ಒಂದು ಇಂಡೇ ಇತ್ತು. ಕಣ್ಣಾರೆ ಕಂಡೆ, ಮುತ್ತತ್ತಿರಾಯನಾಣೆ!"

"ಅವರೆಕಾಯಿ ಕಾಲದಲ್ಲಿ? ಮರಿ ಬುಟ್ಟು ಬಂದಿದ್ವಾ?"

ಅವನಿಗೆ ಏನೋ ಎಡವಟ್ಟಾಯಿತು ಅನ್ನಿಸಿರಬೇಕು. ನನ್ನ ಕಡೆ ತಿರುಗಿ, "ಪುಸ್ತಕದಲ್ಲೇ ಐತಲ್ಲ! ಮರಿ ಆಕೋದು ಬ್ಯಾಸ್ಗೇಲಿ ಅಂತ ನೀನೇ ಓದ್ದಲ್ಲಮ್ಮಿ, ಏಳು ಇವ್ರಿಗೆ!" ಅಂದ.

ಆ ಗಳಿಗೆಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. "ಅದು ಸಮುದ್ರದ್ದು ಮಾವ," ಅಂದೆ. "ನಮ್ ಒಳೇದಲ್ಲ. ಬಲೆ ಬುಡಕ್ಕೆ ಮುಂಚೆ ಅದ್ನೆಲ್ಲ ಕೇಳ್ಕಂಡು ನಿಮಗೇನಾಗ್ಬೇಕಿತ್ತು?"

ಯಜಮಾನರು ಅವನ ಸೊಂಟಕ್ಕೆ ಕೈ ಹಾಕಿದರು. ಅಲ್ಲಿ ಸಿಕ್ಕಿಸಿಕೊಂಡಿದ್ದ ಕುಡುಗೋಲಿನ ಹಲ್ಲಿನಲ್ಲಿ ತಂಗಡಿ ಬಣ್ಣದ ನೂಲು ಸಿಕ್ಕಿಕೊಂಡಿತ್ತು. ಮುತ್ತತ್ತಿರಾಯನ ಮೇಲೆ ಸುಳ್ಳು ಆಣೆ ಬೇರೆ! ಹೆಂಗಸರು ಅವನಿಗೆ ಇಟ್ಟ ಶಾಪ ಒಂದೆರಡಲ್ಲ.

ಅವನು ಯುಗಾದಿಯೊಳಗೆ ನಮಗೆ ಹೊಸ ಬಲೆ ಹೆಣೆದುಕೊಡಬೇಕು, ನಮ್ಮ ಬಾಗಿಲಲ್ಲೇ ಕೂತು ಹೆಣೆಯಬೇಕು ಅಂತ ತೀರ್ಮಾನವಾಯಿತು. ಮಳವಳ್ಳಿ ಸಾಬರು ವಿಷಯ ತಿಳಿದು ಒಂದೆಳೆ ನೂಲೂ ಕೊಡಲಿಲ್ಲ. ಮದ್ದೂರಿಗೆ ಹೋದ, ಅಲ್ಲೂ ಇಲ್ಲ. ಮಂಡ್ಯದವರೆಗೆ ಅಲೆದು, ಕಾಲು ಬೊಕ್ಕೆ ಎದ್ದು, ಅಂತೂ ನೂಲು ತಂದ. ಗಂಟು ಹಾಕುವುದು ಕಲಿಸಿದವಳು ನಾನೇ. ಸಂಜೆಯಾದರೆ ಹೋಗಿ ನೋಡುತ್ತಿದ್ದೆ. "ಸಡಿಲಾಯ್ತು ಮಾವ, ಬಿಚ್ಚಿ," ಅನ್ನುತ್ತಿದ್ದೆ. ಸರಿಯಿದ್ದರೂ ಬಿಚ್ಚಿಸಿದ್ದೇನೆ, ಬೆರಳಲ್ಲಿ ರಕ್ತ ಬಂದರೂ ಬಿಚ್ಚಿಸಿದ್ದೇನೆ. ನನಗೇನೂ ಬೇಜಾರಿಲ್ಲ. ಅವ್ವ, "ಸಾಕು ಬುಡಮ್ಮಿ," ಅನ್ನುತ್ತಿದ್ದಳು. ಅವಳ ಮನಸ್ಸು ಮೆತ್ತಗಾಯಿತಲ್ಲ ಅಂತ ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಯುಗಾದಿಗೆ ಮುಂಚೆ ಬಲೆ ಇಳಿಯಿತು. ತೊಡೆಗಾತ್ರದ ಬಾಳೆಮೀನು ಬಿತ್ತು. ಹೊಸ ಬಲೆಯ ಮೊದಲ ಮೀನಿನಲ್ಲಿ ಮೊದಲ ತುಂಡು ಬಲೆ ಹೆಣೆದವನಿಗೆ ಸೇರಬೇಕು. ಅದು ಕೇರಿಯ ಪದ್ಧತಿ, ಯಾರೂ ಮೀರಿದವರಿಲ್ಲ. ಅವ್ವ ಕೇರಿಯವರನ್ನೆಲ್ಲ ಊಟಕ್ಕೆ ಕರೆದಳು. ಮಾವ ಮೊದಲ ಎಲೆಯಲ್ಲೇ ಬಂದು ಕೂತ. ಇಷ್ಟಾದ ಮೇಲೆ ತನ್ನನ್ನು ಕ್ಷಮಿಸಿದ್ದಾರೆ ಅಂದುಕೊಂಡಿದ್ದನೋ ಏನೋ, ಮುಖದಲ್ಲಿ ಸ್ವಲ್ಪ ಕಳೆ ಇತ್ತು.

ಅವ್ವ ಅವನ ಎಲೆಗೆ ಮುದ್ದೆ ಇಟ್ಟಳು. ಬರೀ ಸಾರು ಬಿಟ್ಟಳು. ಆಮೇಲೆ ಪಕ್ಕದ ಎಲೆಗೆ ತುಂಡು ಬಡಿಸಿದಳು, ಅದರಾಚೆಯದಕ್ಕೂ ಬಡಿಸಿದಳು, ಸಾಲು ಪೂರ್ತಿ ಬಡಿಸಿಕೊಂಡು ಹೋದಳು. ಅವನು ಅನ್ನಕ್ಕೆ ಕಾದ ಕೂಸಿನ ಹಾಗೆ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಅವ್ವ ಖಾಲಿ ಪಾತ್ರೆ ಹಿಡಿದು ಅವನ ಮುಂದೆ ಬಂದು ನಿಂತಳು.

"ನಿನ್ ಪಾಲಿಂದ ನೀರ್ನಾಯಿ ತಿನ್ಕಂಡು ಓಯ್ತು ಕಣಣ್ಣ," ಅಂದಳು.