ಲಾಂಡ್ರಿ ಅಕ್ಕನ ನಿಂಬೆಗಿಡ

ಸರ್ಕಾರಿ ಆಸ್ಪತ್ರೆಯ ಹಿತ್ತಲಲ್ಲಿ ಮಣ್ಣು ಕೆದಕುತ್ತಾ ಕೂತ ಹೆಂಗಸನ್ನು ಕಂಡವರು ಮೊದಲು ಕೇಳುವುದು, "ನಿಮಗೆ ಎಷ್ಟು ಕೊಡ್ತಾರೆ?" ಏನೂ ಕೊಡುವುದಿಲ್ಲ ಎಂದರೆ ಮುಂದಿನ ಪ್ರಶ್ನೆ, "ಮತ್ತೆ ಯಾಕೆ ಮಾಡ್ತೀರಿ?" ನಮ್ಮ ಜನ ಲಂಚ ತಿನ್ನುವವನನ್ನು ಯಾಕೆ ತಿನ್ನುತ್ತೀಯ ಎಂದು ಕೇಳಿದ್ದು ನಾನಂತೂ ಕಂಡಿಲ್ಲ. ಬಿಟ್ಟಿ ದುಡಿಯುವವರು ಮಾತ್ರ ಕಾರಣ ಹೇಳಬೇಕು.

ಲಾಂಡ್ರಿ ಅಕ್ಕನ ಬಳಿ ಕಾರಣ ಸಿದ್ಧವಿರುತ್ತದೆ. "ಮನೇಲಿ ಕೂತ್ರೆ ಸೊಸೆ ಜೊತೆ ಜಗಳ ಆಗುತ್ತೆ. ಇಲ್ಲಿ ಗಿಡದ ಜೊತೆ ಆಡ್ತೀನಿ, ಅದು ತಿರುಗಿ ಮಾತಾಡಲ್ಲ." ಹಾಗೆ ನೋಡಿದರೆ ಸೊಸೆಯೊಂದಿಗೆ ಆಕೆಗೆ ಜಗಳವೇ ಇಲ್ಲ. ಬೆಳಿಗ್ಗೆ ಹೊರಡುವಾಗ ನೀರಿನ ಬಾಟಲಿ, ಹಳೆಯ ಟವೆಲ್ ಚೀಲಕ್ಕೆ ಹಾಕಿಕೊಡುವವಳು ಆ ಸೊಸೆಯೇ.

ಅಕ್ಕ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ರಕ್ತದ ಕಲೆ, ಔಷಧಿಯ ಕಲೆ, ಹೇಳಬಾರದ ಕಲೆಗಳೆಲ್ಲ ಆಕೆಯ ಕೈಯಲ್ಲಿ ಬಿಟ್ಟುಹೋಗಿವೆ. ಈಗ ತೋಟವಿರುವ ಜಾಗದಲ್ಲಿ ಆಗ ಹನ್ನೆರಡು ಸಾಲು ತಂತಿ ಕಟ್ಟಿದ್ದರು, ಅವುಗಳ ಮೇಲೆ ದಿನಕ್ಕೆ ಮುನ್ನೂರು ಹಾಸುಬಟ್ಟೆ ಒಣಗುತ್ತಿದ್ದವು. ಆಮೇಲೆ ಬಟ್ಟೆ ಒಗೆಯುವ ಗುತ್ತಿಗೆ ಹೊರಗಿನವರ ಪಾಲಾಯಿತು. ತಂತಿ ಕಿತ್ತರು, ಮುರಿದ ಮಂಚ, ಸೊಟ್ಟಗಾದ ಗ್ಲೂಕೋಸ್ ಸ್ಟ್ಯಾಂಡು, ಹರಿದ ಹಾಸಿಗೆ ತಂದು ಸುರಿದರು. ನಿವೃತ್ತಿಯಾದ ಮೇಲೆ ಅಲ್ಲಿ ಮಲಗಿದ್ದ ಪಕ್ಕದ ಮನೆಯಾಕೆಯನ್ನು ನೋಡಲೆಂದು ಹೋದ ಅಕ್ಕ ವಾರ್ಡಿನ ಕಿಟಕಿಯಿಂದ ಆ ಹಿತ್ತಲನ್ನು ನೋಡಿದಳು. ಮರುದಿನ ಸೆರಗು ಸಿಕ್ಕಿಸಿಕೊಂಡು ಬಂದು ಮೊದಲ ಮಂಚವನ್ನು ಎಳೆದು ಹಾಕಿದಳು.

ಜೊತೆಗೆ ಮೂವರು ಸೇರಿಕೊಂಡರು. ಒಬ್ಬರು ಲೆಕ್ಕದ ಮೇಷ್ಟ್ರು. ಹೆಂಡತಿ ಎರಡು ತಿಂಗಳು ಇಲ್ಲಿ ಮಲಗಿದ್ದಾಗ ಆ ಕಸವನ್ನೇ ನೋಡುತ್ತಾ ಕೂತಿದ್ದವರು, ಈಗ ಮಂಡಿನೋವನ್ನು ಬೈಯುತ್ತಲೇ ಮಣ್ಣು ಅಗೆದು ಮಡಿ ಮಾಡುತ್ತಾರೆ. ಇನ್ನೊಬ್ಬ ಎದುರು ರಸ್ತೆಯ ಕಟಿಂಗ್ ಅಂಗಡಿಯವನು, ಬೇಲಿ ಗಿಡಕ್ಕೆ ಅವನು ಕೊಡುವ ಕ್ರಾಪು ಊರಿನ ಯಾವ ತಲೆಗೂ ಸಿಕ್ಕಿಲ್ಲ. ಮೂರನೆಯವಳು ಕ್ಯಾನ್ಸರ್ ವಾರ್ಡಿನ ಸಿಸ್ಟರ್. ಡ್ಯೂಟಿ ಬಿಟ್ಟ ಮೇಲೆ ಅರ್ಧ ಗಂಟೆ ಕೈ ಕೊಳೆ ಮಾಡಿಕೊಂಡು ಹೋಗುತ್ತಾಳೆ.

ತೋಟ ಹಸಿರಾಗುತ್ತಿದ್ದಂತೆ ಆಡಳಿತದವರು ಕಣ್ಣು ಬಿಟ್ಟರು. ಗೇಟಿನ ಬಳಿ ಕಲ್ಲಿನ ಫಲಕ ನಿಲ್ಲಿಸಿದರು. ಅದರಲ್ಲಿ ಹನ್ನೊಂದು ಹೆಸರುಗಳಿವೆ, ಆ ಹನ್ನೊಂದು ಜನರಲ್ಲಿ ಒಬ್ಬರ ಉಗುರಿಗೂ ಇಲ್ಲಿಯ ಮಣ್ಣು ತಾಗಿಲ್ಲ. ಒಂದು ನಲ್ಲಿ ಹಾಕಿಸಿ ಎಂದು ಅಕ್ಕ ಕೊಟ್ಟ ಅರ್ಜಿ ಎಲ್ಲಿದೆಯೋ ಆ ಫಲಕಕ್ಕೇ ಗೊತ್ತು. ನೀರು ಇವತ್ತಿಗೂ ವಾರ್ಡಿನ ಬಚ್ಚಲಿನಿಂದ ಬಕೆಟ್ಟಿನಲ್ಲೇ ಬರಬೇಕು.

ಅಕ್ಕನ ತೋಟಕ್ಕೆ ಒಂದೇ ಒಂದು ಕಾನೂನು. ಮಗನಿಗೆ ಜ್ವರ ಬಂದ ದಿನ ಏಳು ನಿಮಿಷ ತಡವಾಗಿ ಬಂದದ್ದಕ್ಕೆ ಹಿಂದೆ ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದರು. ಅದನ್ನು ಆಕೆ ಮರೆತಿಲ್ಲ. "ಇಲ್ಲಿ ಹಾಜರಿ ಇಲ್ಲ, ಪಾಳಿ ಇಲ್ಲ. ಬರಬೇಕು ಅನ್ನಿಸಿದಾಗ ಬನ್ನಿ, ಕಣ್ಣಿಗೆ ಕಂಡ ಕೆಲಸ ಮಾಡಿ. ಯಾರೂ ಯಾರನ್ನೂ ಕೇಳೋ ಹಾಗಿಲ್ಲ." ಕೇಳಲು ಎಷ್ಟು ಚೆನ್ನಾಗಿದೆ! ಮೂರು ವರ್ಷ ಚೆನ್ನಾಗಿಯೇ ನಡೆಯಿತು.

ತೋಟದ ನಡುವೆ ಒಂದು ಬೆಂಚು, ಅದರ ಪಕ್ಕ ಎದೆಯೆತ್ತರದ ಒಂದು ನಿಂಬೆಗಿಡವಿದೆ. ಕ್ಯಾನ್ಸರ್ ವಾರ್ಡಿಗೆ ಮಂಗಳವಾರದಂದು ಇಂಜೆಕ್ಷನ್ನಿಗೆ ಬರುವವರಿಗೆ ಹೊಟ್ಟೆ ತೊಳಸುತ್ತದೆ, ಫಿನಾಯಿಲ್ ವಾಸನೆಗೇ ವಾಂತಿ ಬರುತ್ತದೆ. ಒಂದು ಮಂಗಳವಾರ ಸಿಸ್ಟರ್ ಎರಡು ನಿಂಬೆ ಎಲೆ ಕಿತ್ತು, ಹಿಸುಕಿ, ಒಬ್ಬಾಕೆಯ ಮೂಗಿಗೆ ಹಿಡಿದಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಮಾಡುತ್ತಿದ್ದ ಹೆಂಗಸು ಆಕೆ. ಎಲೆ ಮೂಸಿ ಕಣ್ಣು ಮುಚ್ಚಿ, "ಈಗ ಪರವಾಗಿಲ್ಲ" ಎಂದಳು. ಅಂದಿನಿಂದ ಮಂಗಳವಾರ ಬಂದರೆ ಎಲೆ ಕೀಳುವುದು ವಾಡಿಕೆಯಾಯಿತು. ಮೂರು ವಾರಕ್ಕೊಮ್ಮೆ ಬರುವ ಬೇಕರಿ ಅಮ್ಮ ಕುರ್ಚಿಯಲ್ಲಿ ಕೂರುವ ಮೊದಲು ಕೈ ಚಾಚುತ್ತಿದ್ದಳು, "ನನ್ನ ಟಿಕೆಟ್ ಕೊಡಿ."

ಆ ಗಿಡ ಹಳದಿ ತಿರುಗಲು ಶುರುವಾಯಿತು. ಮೊದಲು ಕೆಳಗಿನ ಎಲೆ, ಆಮೇಲೆ ಮೇಲಿನವು. ಬಿಸಿಲಿಗೆ ಬಾಡಿದಂತೆ ಜೋತುಬಿದ್ದವು. ಅಕ್ಕನ ಜೀವ ಬಾಯಿಗೆ ಬಂತು. ಎಲೆ ಉದುರಿದರೆ ಮಂಗಳವಾರದವರಿಗೆ ಏನು ಕೊಡುವುದು? ಯಾರನ್ನೂ ಕೇಳಬಾರದು ಎಂಬ ಕಾನೂನು ಮಾಡಿದ ಆಕೆಯೇ ಒಂದು ಸಂಜೆ ಕಟಿಂಗ್‌ನವನ ಮೇಲೆ ಹರಿಹಾಯ್ದಳು.

"ಏನಯ್ಯಾ, ಎರಡು ವಾರ ಆಯ್ತು ನಿನ್ನ ಮುಖ ಕಂಡು. ಗಿಡ ನೀರಿಲ್ಲದೆ ಸಾಯ್ತಾ ಇದೆ, ಕಣ್ಣಿಗೆ ಕಾಣಲ್ವಾ?"

"ಅಕ್ಕಾ, ನಾನು ಬರ್ತಾನೇ ಇದ್ದೀನಿ."

"ಬಂದು ಏನು ಗಾಳಿ ಕುಡಿದು ಹೋಗ್ತೀಯಾ?"

ಅವನು ಬೇಲಿ ಕತ್ತರಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದ. ಅಕ್ಕ ಒಂದು ಬಕೆಟ್ ನೀರು ತಂದು ಗಿಡಕ್ಕೆ ಸುರಿದಳು, ಸಿಟ್ಟು ಇಳಿಯದೆ ಇನ್ನೊಂದನ್ನೂ ಸುರಿದಳು.

ಮರುದಿನ ಬೆಳಿಗ್ಗೆ ಉದುರಿದ ಎಲೆ ಆಯುವುದಕ್ಕೆಂದು ಬುಡದಲ್ಲಿ ಕೂತವಳ ಮೂಗಿಗೆ ಒಂದು ವಾಸನೆ ಬಡಿಯಿತು. ಬೇರೆಯವರಾಗಿದ್ದರೆ ಮಣ್ಣಿನ ವಾಸನೆ ಎಂದು ಸುಮ್ಮನಾಗುತ್ತಿದ್ದರು. ಮೂವತ್ತೊಂದು ವರ್ಷದ ಮೂಗು ಸುಮ್ಮನಾಗಲಿಲ್ಲ. ಶನಿವಾರ ತೊಟ್ಟಿಯಲ್ಲಿ ನೆನೆಸಿಟ್ಟು ಸೋಮವಾರದವರೆಗೆ ಮರೆತ ಹಾಸುಬಟ್ಟೆಯ ಮುಗ್ಗಲು ನಾತ ಅದು. ಅಕ್ಕ ಬೆರಳನ್ನು ಮಣ್ಣಿಗೆ ಚುಚ್ಚಿದಳು. ಬೆರಳುದ್ದ ಹೋದರೂ ಕೆಸರೇ.

ಮಧ್ಯಾಹ್ನ ಮೇಷ್ಟ್ರನ್ನೂ ಸಿಸ್ಟರನ್ನೂ ಬೆಂಚಿನ ಮೇಲೆ ಕೂರಿಸಿದಳು.

"ಈ ಗಿಡಕ್ಕೆ ಯಾರ್ಯಾರು ನೀರು ಹಾಕ್ತಿದ್ದೀರಿ? ನಿಜ ಹೇಳಿ."

ಮೇಷ್ಟ್ರು ಕನ್ನಡಕ ಒರೆಸಿದರು. "ಬೆಳಿಗ್ಗೆ ವಾಕಿಂಗ್ ಬಂದಾಗ ನಾನೊಂದು ಬಕೆಟ್... ಎಲೆ ಹಳದಿಯಾಗಿತ್ತಲ್ಲಮ್ಮ. ಉಳಿದವರಿಗೆ ಪುರುಸೊತ್ತಿಲ್ಲ ಅಂದ್ಕೊಂಡೆ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ಸಿಸ್ಟರ್?"

"ಊಟದ ಹೊತ್ತಲ್ಲಿ ಅಕ್ಕ. ನಾನೂ ಹಾಗೇ ಅಂದ್ಕೊಂಡಿದ್ದೆ." ತಡೆದು ಸೇರಿಸಿದಳು, "ಇಂಜೆಕ್ಷನ್ ಮುಗಿಸಿ ಹೋಗೋರೂ ಬಾಟಲಿಯಲ್ಲಿ ಮಿಕ್ಕಿದ ನೀರನ್ನ ಅದಕ್ಕೇ ಹಾಕ್ತಾರೆ. ನಾನೇ ಹೇಳಿದ್ದೆ."

"ದೊಡ್ಡ ಡಾಕ್ಟರ ಡ್ರೈವರ್ ಕಾರು ತೊಳೆದು ಉಳಿದದ್ದನ್ನೂ ಹಾಕ್ತಾನೆ, ನಾನೇ ಕಂಡಿದ್ದೀನಿ," ಎಂದರು ಮೇಷ್ಟ್ರು. ಅಷ್ಟು ಹೊತ್ತಿಗೆ ಅವರೊಳಗಿನ ಲೆಕ್ಕ ಎಚ್ಚರಾಗಿತ್ತು. "ಕಟಿಂಗ್‌ನವನು ಅಂಗಡಿ ಮುಚ್ಚಿ ಬಂದು ಸಂಜೆ ಹಾಕಿದ್ರೆ ಬಾಟಲಿ ನೀರು ಬಿಟ್ಟೇ ದಿನಕ್ಕೆ ನಾಲ್ಕು ಬಕೆಟ್ ಆಯ್ತು. ನೀವಮ್ಮ?"

"ಎರಡು," ಎಂದಳು ಅಕ್ಕ, ನೆಲ ನೋಡುತ್ತಾ.

ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. "ಪ್ರೀತಿ ಮಾಡಿಯೇ ಕೊಂದ್ವಲ್ಲಪ್ಪಾ!"

ಸಂಬಳ ಪಡೆಯುವ ಮಾಲಿಗಳಾಗಿದ್ದರೆ ಒಬ್ಬ ಇನ್ನೊಬ್ಬನ ಮೇಲೆ ಹಾಕಿ ಗಿಡವನ್ನು ಒಣಗಿಸುತ್ತಿದ್ದರು, ಅಂಥ ತಪ್ಪು ನಮಗೆಲ್ಲ ಗೊತ್ತಿರುವುದೇ. ಇವರ ತಪ್ಪು ಇವರಿಗೆ ಮಾತ್ರ ಸಾಧ್ಯವಿತ್ತು. ಪ್ರತಿಯೊಬ್ಬರೂ ಮಿಕ್ಕವರು ಮರೆತಿದ್ದಾರೆ ಎಂದುಕೊಂಡು, ಆದರೆ ಅದನ್ನು ಹೇಳಿ ಮನಸ್ಸು ನೋಯಿಸಬಾರದೆಂದು, ಕಳ್ಳರಂತೆ ಬಂದು ನೀರು ಹಾಕಿದ್ದರು.

ಅಕ್ಕ ನೇರ ಎದುರು ರಸ್ತೆಗೆ ನಡೆದಳು. ಅಂಗಡಿಯಲ್ಲಿ ಒಬ್ಬ ಗಿರಾಕಿ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದ.

"ಏನಕ್ಕಾ, ಕಟಿಂಗಾ ಶೇವಿಂಗಾ?" ಕಟಿಂಗ್‌ನವನು ಕನ್ನಡಿಯಲ್ಲೇ ನೋಡಿ ಕೇಳಿದ. ದನಿಯಲ್ಲಿ ಮುನಿಸಿತ್ತು.

"ಕಟಿಂಗೇ. ಗಿಡಕ್ಕೆ. ಬೇರೂ ಸೇರಿಸಿ." ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಹೇಳಿದಳು, "ನಿನ್ನೆ ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ ಕಣಯ್ಯಾ. ತಪ್ಪು ನಂದೇ. ನೀರು ಜಾಸ್ತಿಯಾಗಿ ಕೊಳೀತಾ ಇದೆ."

"ಬರ್ತಾನೇ ಇದ್ದೀನಿ ಅಂತ ನಿನ್ನೇನೇ ಹೇಳಿದ್ನಲ್ಲ."

"ಹೇಳಿದೆ. ನನಗೆ ಕಿವಿ ಎಲ್ಲಿತ್ತು?"

ಗಿರಾಕಿ ನೊರೆಯ ಮಧ್ಯದಿಂದ, "ಮೊದಲು ನನ್ನ ಇನ್ನೊಂದು ಕೆನ್ನೆ ಮುಗಿಸಪ್ಪಾ, ಆಮೇಲೆ ಬೇರು ಕಿತ್ತುಕೋ," ಎಂದ. ಮೂವರೂ ನಕ್ಕರು. ಅಲ್ಲಿಗೆ ರಾಜಿಯಾಯಿತು.

ಅಂದು ಸಂಜೆ ಬುಡದ ಮಣ್ಣು ಬಿಡಿಸಿದರು. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕಟಿಂಗ್‌ನವನು ಒಂದೊಂದಾಗಿ ಕತ್ತರಿಸಿದ, ಕೂದಲು ಸಿಕ್ಕು ಬಿಡಿಸುವ ತಾಳ್ಮೆಯಲ್ಲಿ. ಮೇಲಿನ ಕೊಂಬೆಗಳನ್ನೂ ಮೋಟು ಮಾಡಿದ. ಒಂದೂ ಎಲೆ ಉಳಿಯಲಿಲ್ಲ. ಮರಳು ಬೆರೆಸಿ ಮಣ್ಣನ್ನು ಸಡಿಲವಾಗಿ ಮುಚ್ಚಿದ ಮೇಲೆ ಅಕ್ಕ ತೀರ್ಪು ಕೊಟ್ಟಳು. "ಮೂರು ವಾರ ಇದಕ್ಕೆ ಒಂದು ತೊಟ್ಟು ನೀರು ಹಾಕಿದೋರ ಕೈ ಮುರೀತೀನಿ. ನಂದೂ ಸೇರಿ."

ದುಡಿಯುವ ಕೈಗೆ ಸುಮ್ಮನಿರುವುದರಂಥ ಶಿಕ್ಷೆ ಬೇರೆ ಇಲ್ಲ. ಮೇಷ್ಟ್ರು ಖಾಲಿ ಬಕೆಟ್ ಹಿಡಿದು ಗಿಡದ ಸುತ್ತ ತಿರುಗುತ್ತಿದ್ದರು. ಅಕ್ಕ ಬೇರೆ ಮಡಿಗಳಲ್ಲಿ ಹುಲ್ಲು ಕಿತ್ತು ಕಿತ್ತು, ಕೀಳಲು ಹುಲ್ಲು ಉಳಿಯದೆ ಬಂದು ಬೆಂಚಿನ ಮೇಲೆ ಕೂತಳು. ಅಲ್ಲಿ ರೋಗಿಗಳ ಕಡೆಯವರು ಮಾತಿಗೆ ಸಿಕ್ಕರು, ಮಾತು ಬೆಳೆಯಿತು. "ಈ ಬೆಂಚು ಇಷ್ಟು ತಂಪಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು," ಎಂದು ಸಂಜೆ ಸೊಸೆಗೆ ಹೇಳಿದಳಂತೆ. "ಮೂರು ವರ್ಷದಿಂದ ಒರೆಸ್ತಾ ಇದ್ದೀರಲ್ಲತ್ತೆ," ಎಂದಳಂತೆ ಸೊಸೆ.

ಹನ್ನೆರಡನೆಯ ದಿನ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಬಂತು. ಸಿಸ್ಟರ್ ವಾರ್ಡಿನಿಂದ ಹಾಸಿಗೆಯ ರಬ್ಬರ್ ಶೀಟು ತಂದಳು. ನಾಲ್ವರು ನಾಲ್ಕು ಮೂಲೆ ಹಿಡಿದು ಗಿಡದ ಮೇಲೆ ಚಪ್ಪರ ಮಾಡಿ ನಿಂತರು, ತಾವು ತೊಪ್ಪೆಯಾದರು. ದೊಡ್ಡ ಡಾಕ್ಟರು ಕಿಟಕಿ ತೆರೆದು ಕೂಗಿದರು.

"ಏನ್ರೀ ಮಾಡ್ತಾ ಇದ್ದೀರಿ?"

"ಗಿಡಕ್ಕೆ ನೀರು ಬೀಳದ ಹಾಗೆ ನೋಡ್ಕೋತಾ ಇದ್ದೀವಿ ಸಾರ್!" ಎಂದಳು ಅಕ್ಕ.

ಡಾಕ್ಟರು ಸ್ವಲ್ಪ ಹೊತ್ತು ನೋಡಿ ಕಿಟಕಿ ಮುಚ್ಚಿಕೊಂಡರು. ಅಷ್ಟು ಹೊತ್ತಲ್ಲಿ ಅವರು ಒಂದು ನಲ್ಲಿಗೆ ಸಹಿ ಹಾಕಬಹುದಿತ್ತು. ಇರಲಿ.

ಮೂರು ವಾರ ತುಂಬಿದ ಮಂಗಳವಾರ ಬೇಕರಿ ಅಮ್ಮ ಬಂದಳು. ಕೈ ಚಾಚಿದಳು. ಅಕ್ಕ ಗಿಡದ ಕಡೆ ಕೈ ತೋರಿಸಿದಳು.

"ಎಲೆ ಇಲ್ಲಮ್ಮಾ. ನಾವೇ ಕೆಡಿಸಿದ್ವಿ."

ಬೇಕರಿ ಅಮ್ಮ ಬೋಳು ಗಿಡವನ್ನು ನೋಡಿದಳು. ತಲೆಗೆ ಸುತ್ತಿದ್ದ ಬಟ್ಟೆಯನ್ನು ಸವರಿಕೊಂಡಳು. "ಅಯ್ಯೋ, ನನ್ನ ಥರಾನೇ ಆಗಿದೆಯಲ್ಲ ಇದು," ಎಂದು ಒಳಗೆ ಹೋದಳು. ನಾಲ್ಕು ಗಂಟೆ ಕಷ್ಟಪಟ್ಟಳು, ಎರಡು ಸಲ ವಾಂತಿಯಾಯಿತು. ಅಕ್ಕ ಬಾಗಿಲ ಹೊರಗೇ ನಿಂತಿದ್ದಳು.

ಮುಗಿಸಿ ಬಂದವಳು ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡಳು. ಗಿಡದ ಕಡೆ ಬಾಗಿ ಕಣ್ಣು ಕಿರಿದು ಮಾಡಿ, "ಅಕ್ಕಾ, ಇಲ್ಲಿ ನೋಡಿ," ಎಂದಳು. ಮೋಟು ಕೊಂಬೆಯ ತುದಿಯಲ್ಲಿ ಸಾಸಿವೆ ಗಾತ್ರದ ಹಸಿರು ಚಿಗುರು. ಪಕ್ಕದಲ್ಲಿ ಇನ್ನೊಂದು. ಕೆಳಗೆ ಮತ್ತೆರಡು. ಕಟಿಂಗ್‌ನವನನ್ನು ಕರೆದರು, ಅವನು ಗಿರಾಕಿಯನ್ನು ಹಾಗೇ ಬಿಟ್ಟು ಓಡಿ ಬಂದ. ಮೇಷ್ಟ್ರು ಎಲ್ಲಿಂದಲೋ ಬಕೆಟ್ ತುಂಬಿಕೊಂಡು ಬಂದೇ ಬಿಟ್ಟರು.

"ಮೂರು ವಾರ ಆಯ್ತು. ಇವತ್ತು ಹಾಕಬಹುದಲ್ಲ?"

"ಮೊದಲು ಬೆರಳು ಹಾಕಿ ನೋಡಬೇಕು," ಎಂದಳು ಅಕ್ಕ.

"ನಾನು ನೋಡ್ಲಾ?" ಎಂದಳು ಬೇಕರಿ ಅಮ್ಮ. "ಹಿಟ್ಟು ಹದ ನೋಡೋ ಬೆರಳು ಇದು." ಮಣ್ಣಿಗೆ ಬೆರಳು ಇಳಿಸಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕೇಳಿಸಿಕೊಳ್ಳುವವಳಂತೆ ಕೂತಳು.

"ಒಳಗೆ ಇನ್ನೂ ತಣ್ಣಗಿದೆ. ಇವತ್ತು ಬೇಡ. ನನ್ನದೂ ಇನ್ನೊಂದೇ ಇಂಜೆಕ್ಷನ್ ಬಾಕಿ, ಅಷ್ಟರಲ್ಲಿ ಒಂದೆಲೆ ಕೊಡುತ್ತೆ ಬಿಡಿ."

ಮೇಷ್ಟ್ರು ತುಂಬಿದ ಬಕೆಟ್ ಕಡೆ ನೋಡಿದರು. ವಾಪಸು ಬಚ್ಚಲಿಗೆ ಹೊತ್ತೊಯ್ಯಲು ಮಂಡಿ ಒಪ್ಪಲಿಲ್ಲ. ಪಂಚೆ ಎತ್ತಿ ಕಟ್ಟಿ, ಗಿಡದಿಂದ ಹತ್ತು ಹೆಜ್ಜೆ ದೂರ ಹೋಗಿ, ಆ ನೀರಲ್ಲಿ ನಿಧಾನವಾಗಿ ಕಾಲು ತೊಳೆದುಕೊಂಡರು.